ಡ್ಯೂಟಿ ಮುಗಿದ ಮೇಲೂ ಜೈಲು ಆಫೀಸರ್ ಪಿಸ್ತೂಲು ಇಟ್ಟುಕೊಳ್ಳಬಹುದಾ? ರಾಜ್ಯದ ಗಡಿ ದಾಟಿದರೆ?

ಸೇವಂತಿಗೆ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ. ನಮ್ಮ ಯಜಮಾನರು ನ್ಯೂಜೆರ್ಸಿಯ ಒಂದು ಕೌಂಟಿ ಜೈಲಿನಲ್ಲಿ ಕರೆಕ್ಷನ್ಸ್ ಆಫೀಸರ್. ಕೆಲಸಕ್ಕೆ ಸೇರಿ 11 ವರ್ಷ ಆಯಿತು. ಜೈಲಿನ ಒಳಗೆ ಅವರ ಹತ್ತಿರ ಬಂದೂಕು ಇರುವುದಿಲ್ಲ. ರೇಡಿಯೋ, ಕೈಕೋಳ, ಪೆಪ್ಪರ್ ಸ್ಪ್ರೇ, ಅಷ್ಟೇ. ಹೊರಗೆ ಬಂದ ಮೇಲೆ ಪಿಸ್ತೂಲು ಸೊಂಟಕ್ಕೆ ಏರುತ್ತದೆ. ಇದು ಉಲ್ಟಾ ಅಲ್ವಾ ಅಂತ ಮದುವೆಯಾದ ಹೊಸದರಲ್ಲಿ ಕೇಳುತ್ತಿದ್ದೆ. ಈಗ ಕೇಳುವುದಿಲ್ಲ.

ಕಳೆದ ಚಳಿಗಾಲದಲ್ಲಿ ಒಂದು ಸಂಜೆ ಪೆಟ್ರೋಲ್ ಹಾಕಿಸಲು ನಿಂತಿದ್ದೆವು. ನ್ಯೂಜೆರ್ಸಿಯಲ್ಲಿ ನಾವೇ ಹಾಕಿಕೊಳ್ಳುವ ಹಾಗಿಲ್ಲ, ಕಾರಲ್ಲೇ ಕೂತಿರುತ್ತೇವೆ. ಪಕ್ಕದ ಕಾರಿನಿಂದ ಒಬ್ಬ ಇಳಿದು ಬಂದ. ಕಿಟಕಿಗೆ ಎರಡು ಸಲ ತಟ್ಟಿದ. ಇವರ ಸರ್‌ನೇಮ್ ಹಿಡಿದು ಆಫೀಸರ್ ಅಂತ ಕರೆದ. ಹಿಂದಿನ ಸೀಟಿನಲ್ಲಿ ಮಲಗಿದ್ದ ಮಗಳ ಕಡೆ ನೋಡಿ, ಎಷ್ಟು ವರ್ಷ ಅವಳಿಗೆ ಅಂತ ಕೇಳಿದ. ಇವರು ಉತ್ತರ ಕೊಡಲಿಲ್ಲ. ಅವನು ನಕ್ಕು ಹೋದ, ಬೈಯಲಿಲ್ಲ, ಬೆದರಿಸಲೂ ಇಲ್ಲ. ಆದರೆ ಅವತ್ತು ರಾತ್ರಿ ನಮ್ಮಿಬ್ಬರಿಗೂ ನಿದ್ದೆ ಬರಲಿಲ್ಲ. ಅಲ್ಲಿಂದ ಈಚೆಗೆ ಹಾಲು ತರಲು ಹೋದರೂ ಇವರು ಪಿಸ್ತೂಲು ಬಿಟ್ಟು ಹೋಗುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಮುಂದಿನ ತಿಂಗಳು ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿರುವ ನನ್ನ ತಂಗಿ ಮನೆಗೆ ಕಾರಿನಲ್ಲಿ ಹೋಗುತ್ತಿದ್ದೇವೆ. ಇವರ ಜೊತೆ ಕೆಲಸ ಮಾಡುವವರು, ಬ್ಯಾಡ್ಜ್ ಇದ್ದರೆ ಸಾಕು, ಇಡೀ ದೇಶದಲ್ಲಿ ನಡೆಯುತ್ತದೆ ಅನ್ನುತ್ತಾರೆ. ನನಗೆ ಯಾಕೋ ನಂಬಿಕೆ ಬರುತ್ತಿಲ್ಲ. ಗೊತ್ತಿದ್ದವರು ಹೇಳಿ.

ಹಳೇ ಗೇಟು:
ಸೇವಂತಿಗೆ ಅವರೇ, ನಾನು ಫೆಡರಲ್, ಅಂದರೆ ಕೇಂದ್ರ ಸರ್ಕಾರದ ಜೈಲಿನಲ್ಲಿ 22 ವರ್ಷ ಕೆಲಸದಲ್ಲಿದ್ದು ನಿವೃತ್ತನಾದವನು. ನಿಮ್ಮ ಯಜಮಾನರ ಸ್ನೇಹಿತರು ಹೇಳಿದ್ದು ಅರ್ಧ ಸರಿ. ಆದರೆ ಅರ್ಧ ಸರಿ ಇರುವ ಮಾತೇ ಜನರನ್ನು ಜಾಸ್ತಿ ಸಿಕ್ಕಿಸಿ ಹಾಕುವುದು.

ಅವರು ಹೇಳುತ್ತಿರುವುದು ಲಿಯೋಸಾ ಬಗ್ಗೆ. ಪೂರ್ತಿ ಹೆಸರು ಲಾ ಎನ್‌ಫೋರ್ಸ್‌ಮೆಂಟ್ ಆಫೀಸರ್ಸ್ ಸೇಫ್ಟಿ ಆ್ಯಕ್ಟ್. 2004ರ ಜುಲೈನಲ್ಲಿ ಜಾರ್ಜ್ ಡಬ್ಲ್ಯೂ. ಬುಷ್ ಸಹಿ ಹಾಕಿದ ಫೆಡರಲ್ ಕಾನೂನು. ಅರ್ಹತೆ ಇರುವ ಅಧಿಕಾರಿ, ಕೆಲಸದಲ್ಲಿರಲಿ ನಿವೃತ್ತನಾಗಿರಲಿ, ಬಟ್ಟೆಯೊಳಗೆ ಮರೆಮಾಡಿದ ಪಿಸ್ತೂಲನ್ನು ಯಾವ ರಾಜ್ಯದಲ್ಲಾದರೂ ಇಟ್ಟುಕೊಂಡು ಓಡಾಡಬಹುದು, ಆ ರಾಜ್ಯದ ಲೈಸೆನ್ಸ್ ಬೇಕಿಲ್ಲ. ಇಷ್ಟು ಎಲ್ಲರಿಗೂ ಗೊತ್ತು. ಅರ್ಹತೆ ಯಾರಿಗೆ ಅನ್ನುವ ಸಾಲನ್ನು ಮಾತ್ರ ಯಾರೂ ನಿಧಾನವಾಗಿ ಓದುವುದಿಲ್ಲ.

ಆ ಸಾಲಿನಲ್ಲಿ ಎರಡು ಭಾಗ ಇದೆ. ಅಪರಾಧ ತಡೆಯುವುದು, ಪತ್ತೆ ಹಚ್ಚುವುದು, ತನಿಖೆ, ವಿಚಾರಣೆ, ಇವುಗಳ ಜೊತೆಗೇ ಅಪರಾಧಕ್ಕಾಗಿ ಸೆರೆಯಲ್ಲಿಡುವ ಕೆಲಸವನ್ನೂ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಸೇರಿಸಿ ಬರೆದಿದೆ. ಅಂದರೆ ನಮ್ಮನ್ನು ಮರೆತಿಲ್ಲ. ಅದಾದ ಮೇಲೆ ಬರುವುದು, "ಮತ್ತು ಕಾನೂನು ಕೊಟ್ಟ ಬಂಧಿಸುವ ಅಧಿಕಾರ ಇರಬೇಕು" ಅನ್ನುವ ಮಾತು. ಆ "ಮತ್ತು" ಮೇಲೆ ಎಲ್ಲ ನಿಂತಿದೆ. ಜೈಲಿನಲ್ಲಿ 30 ವರ್ಷ ಬೆವರು ಸುರಿಸಿದ್ದರೂ ನಿಮ್ಮ ರಾಜ್ಯದ ಕಾನೂನು ಬಂಧಿಸುವ ಅಧಿಕಾರ ಕೊಟ್ಟಿಲ್ಲ ಅಂದರೆ ನೀವು ಆ ಸಾಲಿನ ಹೊರಗೆ. ಫೆಡರಲ್ ಜೈಲಿನವರಿಗೆ ಫೆಡರಲ್ ಕಾನೂನು ಸಂಹಿತೆಯ 18ನೇ ಟೈಟಲ್‌ನ 3050ನೇ ಸೆಕ್ಷನ್ ಆ ಅಧಿಕಾರ ಕೊಡುತ್ತದೆ. ರಾಜ್ಯ, ಕೌಂಟಿ ಜೈಲುಗಳಲ್ಲಿ ಒಂದೊಂದು ಕಡೆ ಒಂದೊಂದು ತರ.

ಕಿತ್ತಳೆ ತೋಟ:
ಕ್ಯಾಲಿಫೋರ್ನಿಯಾದಲ್ಲಿ ಅದು ಎಷ್ಟು ಬೇರೆ ಬೇರೆ ಅಂತ ಹೇಳುತ್ತೇನೆ. ನಾನು ರಾಜ್ಯದ ಜೈಲಿನಲ್ಲಿ ಕೆಲಸ ಮಾಡುತ್ತೇನೆ. ನಮ್ಮನ್ನು ರಾಜ್ಯದ ದಂಡ ಸಂಹಿತೆ, ಪೀನಲ್ ಕೋಡ್ 830.5, ಪೀಸ್ ಆಫೀಸರ್ ಅಂತ ಕರೆಯುತ್ತದೆ, ಅಂದರೆ ಪೊಲೀಸರ ಹಾಗೆ ಕಾನೂನಿನ ಅಧಿಕಾರ ಇರುವವರು. ಡ್ಯೂಟಿ ಇಲ್ಲದಾಗಲೂ ಬಂದೂಕು ಇಟ್ಟುಕೊಳ್ಳಬಹುದು ಅಂತ ಅದರಲ್ಲೇ ಇದೆ. ಆದರೆ ಮೂರು ತಿಂಗಳಿಗೊಮ್ಮೆ ಗುರಿ ಪರೀಕ್ಷೆ ಪಾಸಾಗಬೇಕು. ತಪ್ಪಿದರೆ ಇಲ್ಲ.

ನನ್ನ ಸ್ನೇಹಿತನೊಬ್ಬ ಪಕ್ಕದ ಊರಿನ ಜೈಲಿನಲ್ಲಿ ಕಸ್ಟೋಡಿಯಲ್ ಆಫೀಸರ್. ಅವನದು 831ನೇ ಸೆಕ್ಷನ್. ಅದರ ಮೊದಲ ಮಾತೇ ಇವನು ಪಬ್ಲಿಕ್ ಆಫೀಸರ್, ಪೀಸ್ ಆಫೀಸರ್ ಅಲ್ಲ ಅಂತ. ಡ್ಯೂಟಿಯಲ್ಲಿ ಬಂದೂಕು ಹೊಂದುವ ಹಕ್ಕು ಇಲ್ಲ ಅಂತಲೂ ಬರೆದಿದೆ. ಇಬ್ಬರದೂ ಅದೇ ಬಾಗಿಲು, ಅದೇ ಬೀಗ, ಕೆಲವೊಮ್ಮೆ ಅದೇ ಕೈದಿ. ಅವನು ಅಲ್ಲಿ ಆರು ತಿಂಗಳು ನೋಡಿಕೊಂಡ ಮನುಷ್ಯ ಶಿಕ್ಷೆಯಾಗಿ ನಮ್ಮಲ್ಲಿಗೆ ಬರುತ್ತಾನೆ. ದ್ವೇಷ ಇದ್ದರೆ ಇಬ್ಬರ ಮೇಲೂ ಇರುತ್ತದೆ. ಕಾನೂನಿಗೆ ನಾವು ಇಬ್ಬರೂ ಒಂದೇ ಅಲ್ಲ.

ಪಿಸ್ತೂಲು ಕೊಳ್ಳುವಾಗಲೂ ಹೀಗೇ. ಇಲ್ಲಿ ರಾಜ್ಯದ ಪಟ್ಟಿಯಲ್ಲಿರುವ ಪಿಸ್ತೂಲುಗಳನ್ನಷ್ಟೇ ಅಂಗಡಿಯವರು ಹೊಸದಾಗಿ ಮಾರಬಹುದು. 32000ನೇ ಸೆಕ್ಷನ್‌ನ ವಿನಾಯಿತಿಯಲ್ಲಿ ರಾಜ್ಯದ ಜೈಲು ಇಲಾಖೆಯ ಹೆಸರಿದೆ, ಹಾಗಾಗಿ ಪ್ರಮಾಣ ವಚನ ತೆಗೆದುಕೊಂಡ ನಮ್ಮಂಥವರು ಪಟ್ಟಿಯ ಹೊರಗಿನದ್ದನ್ನೂ ಕೊಳ್ಳಬಹುದು. ಅವನು ಕೊಳ್ಳುವ ಹಾಗಿಲ್ಲ.

ಬಿಳಿ ಹಾಳೆ:
ಯಾರಿಗೂ ನೋವು ಮಾಡಬೇಕು ಅಂತಲ್ಲ, ಆದರೆ ನನಗೆ ಅನ್ನಿಸಿದ್ದು ಹೇಳುತ್ತೇನೆ. ಈ ವಿನಾಯಿತಿಗಳೇ ಬೇಡ ಅಂತ ನನ್ನ ಅಭಿಪ್ರಾಯ. ನನ್ನ ಅಕ್ಕ ಮನೆಯಲ್ಲಿ ಹಿಂಸೆ ತಾಳಲಾರದೆ ಬಿಟ್ಟು ಬಂದವಳು. ಅವಳಿಗೂ ಭಯ ಇದೆ, ಅವಳಿಗೂ ಮಗು ಇದೆ. ನ್ಯೂಯಾರ್ಕ್‌ನಲ್ಲಿ ಲೈಸೆನ್ಸ್‌ಗಾಗಿ ಅರ್ಜಿ ಹಾಕಿ, ಶಿಫಾರಸು ಮಾಡುವವರ ಹೆಸರು ಕೊಟ್ಟು, 16 ಗಂಟೆ ಪಾಠ ಕೇಳಿ, 2 ಗಂಟೆ ಗುಂಡು ಹಾರಿಸುವ ತರಬೇತಿ ಮುಗಿಸಿ ಕಾಯಬೇಕು. 2022ರಲ್ಲಿ ಸುಪ್ರೀಂ ಕೋರ್ಟಿನ ಬ್ರೂಯೆನ್ ತೀರ್ಪು ಬರುವ ತನಕ ನಿನಗೆ ವಿಶೇಷ ಕಾರಣ ಏನು ತೋರಿಸು ಅಂತ ಕೇಳುತ್ತಿದ್ದರು. ಅವಳ ಭಯ ವಿಶೇಷ ಅಲ್ಲ, ಜೈಲಿನವರ ಭಯ ವಿಶೇಷ ಅನ್ನುವುದು ಯಾವ ನ್ಯಾಯ?

ಕಾನೂನು ಎಲ್ಲರಿಗೂ ಒಂದೇ ಇರಲಿ. ಕಷ್ಟ ಇದ್ದರೆ ಎಲ್ಲರಿಗೂ ಇರಲಿ, ಆಗಲಾದರೂ ಸರಿಮಾಡುತ್ತಾರೆ.

ಹಳೇ ಗೇಟು:
ಬಿಳಿ ಹಾಳೆ ಅವರೇ, ನಿಮ್ಮ ಅಕ್ಕನ ಮಾತು ಓದಿ ಸಂಕಟವಾಯಿತು. ಅವರಿಗೆ ದಾರಿ ಸುಲಭ ಆಗಬೇಕು ಅನ್ನುವುದರಲ್ಲಿ ನನ್ನದು ತಕರಾರಿಲ್ಲ. ಆದರೆ ನಮ್ಮ ವಿನಾಯಿತಿ ಕಿತ್ತುಹಾಕಿದರೆ ಅವರಿಗೆ ಏನೂ ಸಿಗುವುದಿಲ್ಲ.

ಒಂದು ವಿಷಯ ಹೇಳುತ್ತೇನೆ. ಲೆಫ್ಟಿನೆಂಟ್ ಓಸ್ವಾಲ್ಡೊ ಅಲ್ಬರಾತಿ. ಪೋರ್ಟೊ ರಿಕೊದ ಗ್ವಾಯ್‌ನಾಬೊ ಫೆಡರಲ್ ಜೈಲಿನಲ್ಲಿ ಇದ್ದವರು. ಕೈದಿಗಳ ಹತ್ತಿರ ಕದ್ದು ಬರುತ್ತಿದ್ದ ಮೊಬೈಲ್ ಫೋನು ಹಿಡಿಯುವುದು ಅವರ ಕೆಲಸವಾಗಿತ್ತು, ಚೆನ್ನಾಗಿ ಮಾಡುತ್ತಿದ್ದರು. 2013ರ ಫೆಬ್ರವರಿ 26ರಂದು ಶಿಫ್ಟ್ ಮುಗಿಸಿ ಮನೆಗೆ ಹೋಗುವಾಗ ಹೆದ್ದಾರಿಯಲ್ಲಿ ಕಾರಿನ ಮೇಲೆ ಗುಂಡಿನ ಸುರಿಮಳೆ ಆಯಿತು. ಒಳಗಿದ್ದ ಕೈದಿಗಳೇ ಹೊರಗಿನವರಿಗೆ ಹೇಳಿ ಮಾಡಿಸಿದ್ದು.

ಆಗ ಲಿಯೋಸಾ ಬಂದು 8 ವರ್ಷ ದಾಟಿತ್ತು. ಫೆಡರಲ್ ಜೈಲಿನ ನೌಕರನಿಗೆ ಸ್ವಂತ ಪಿಸ್ತೂಲು ಇಟ್ಟುಕೊಂಡು ಓಡಾಡುವ ಹಕ್ಕು ಪುಸ್ತಕದಲ್ಲಿತ್ತು. ಆದರೆ ಜೈಲಿನ ಆವರಣದೊಳಗೆ ಸ್ವಂತ ಬಂದೂಕು ತರುವ ಹಾಗಿರಲಿಲ್ಲ. ಪಾರ್ಕಿಂಗ್ ಜಾಗವೂ ಆವರಣವೇ. ಅಲ್ಲಿ ಇಡಲು ಜಾಗ ಇಲ್ಲ ಅಂದ ಮೇಲೆ ಮನೆಯಿಂದ ತರುವುದಾದರೂ ಹೇಗೆ? ಹಕ್ಕು ಇತ್ತು, ಮನೆಯಿಂದ ಜೈಲಿಗೆ ಜೈಲಿನಿಂದ ಮನೆಗೆ ಹೋಗುವ ಆ ದಾರಿಯಲ್ಲಿ ಮಾತ್ರ ಇರಲಿಲ್ಲ. ಯಾವ ಹೊತ್ತಿಗೆ ಯಾರ ಕಾರು ಯಾವ ಗೇಟಿನಿಂದ ಹೊರಡುತ್ತದೆ ಅಂತ ಹೊರಗೆ ಕಾಯುವವರಿಗೆ ಗೊತ್ತಿರುತ್ತಿತ್ತು. ಅದು ಸರಿಹೋಗಲು ಇನ್ನೂ ಐದು ವರ್ಷಕ್ಕಿಂತ ಜಾಸ್ತಿ ಬೇಕಾಯಿತು. 2018ರ ಡಿಸೆಂಬರ್‌ನಲ್ಲಿ ಬಂದ ಫಸ್ಟ್ ಸ್ಟೆಪ್ ಆ್ಯಕ್ಟ್‌ನಲ್ಲಿ, ಭದ್ರತಾ ಬೇಲಿಯ ಹೊರಗೆ ನೌಕರರು ಬಂದೂಕು ಇಡಲು ಬೀಗದ ಜಾಗ ಕೊಡಬೇಕು, ಇಲ್ಲವೇ ಅವರವರ ಗಾಡಿಯೊಳಗೆ ಒಪ್ಪಿಗೆ ಪಡೆದ ಲಾಕ್ ಬಾಕ್ಸ್‌ನಲ್ಲಿ ಇಡಲು ಬಿಡಬೇಕು ಅಂತ ಬರೆದರು.

ಆ ಬೀಗದ ಡಬ್ಬಿಗಳನ್ನು ನಾನು ಕೊನೆಯ ವರ್ಷಗಳಲ್ಲಿ ಬಳಸಿದ್ದೇನೆ. ಸಣ್ಣ ಉಕ್ಕಿನ ಬಾಗಿಲು, ಒಳಗೆ ತೆಳು ರಬ್ಬರ್ ಹಾಸು. ಪಕ್ಕದಲ್ಲಿ ಮರಳು ತುಂಬಿದ ಪೀಪಾಯಿ. ಪಿಸ್ತೂಲಿನ ಮೂತಿ ಅದಕ್ಕೆ ಹಿಡಿದು, ಮ್ಯಾಗಜಿನ್ ತೆಗೆದು, ಸ್ಲೈಡ್ ಎಳೆದು, ಒಳಗಿದ್ದ ಗುಂಡು ಅಂಗೈಗೆ ಬಿದ್ದ ಮೇಲೆ ಬೆರಳು ಹಾಕಿ ಖಾಲಿಯೇ ಅಂತ ಮುಟ್ಟಿ ನೋಡಬೇಕು. ಜನವರಿಯ ಬೆಳಗಿನ ಜಾವ ಆ ಲೋಹ ಬೆರಳಿಗೆ ಅಂಟುತ್ತಿತ್ತು. ಪ್ರತಿ ಸಲ ಅಲ್ಬರಾತಿಯವರ ನೆನಪು ಬರುತ್ತಿತ್ತು.

ಬಿಳಿ ಹಾಳೆ:
ಸರ್, ಇದು ನನಗೆ ಗೊತ್ತಿರಲಿಲ್ಲ. ಆದರೂ ಒಂದು ಪ್ರಶ್ನೆ. ಅವರ ಹತ್ತಿರ ಪಿಸ್ತೂಲು ಇದ್ದಿದ್ದರೆ ಬದುಕುತ್ತಿದ್ದರಾ? ಕೊಲರಾಡೊದ ಜೈಲು ಇಲಾಖೆಯ ಮುಖ್ಯಸ್ಥ ಟಾಮ್ ಕ್ಲೆಮೆಂಟ್ಸ್ ಅವರನ್ನು ಅದೇ ವರ್ಷ ಮಾರ್ಚ್ 19ರಂದು ಮನೆ ಬಾಗಿಲಲ್ಲೇ ಕೊಂದರು. ಬೆಲ್ ಆಯಿತು, ಬಾಗಿಲು ತೆಗೆದರು, ಅಷ್ಟೇ. ಕೊಂದವನು ಜೈಲಿನಿಂದ ಬಿಡುಗಡೆಯಾಗಿ ಎರಡು ತಿಂಗಳೂ ಆಗಿರಲಿಲ್ಲ, ಕಡತದಲ್ಲಿ ಆದ ತಪ್ಪಿನಿಂದ ನಾಲ್ಕು ವರ್ಷ ಮೊದಲೇ ಹೊರಗೆ ಬಂದಿದ್ದ. ಅಲ್ಲಿ ಬೇಕಿದ್ದದ್ದು ಪಿಸ್ತೂಲಲ್ಲ, ಸರಿಯಾಗಿ ಬರೆದ ಒಂದು ಕಾಗದ.

ಹಳೇ ಗೇಟು:
ನಿಜ. ಹಿಂದಿನಿಂದ, ಮರೆಯಿಂದ ಬಂದವನ ಮುಂದೆ ಯಾವ ಪಿಸ್ತೂಲೂ ಕೆಲಸಕ್ಕೆ ಬರುವುದಿಲ್ಲ. ಅಲ್ಬರಾತಿ ಬದುಕುತ್ತಿದ್ದರು ಅಂತ ನಾನು ಹೇಳಲಾರೆ. ಆದರೆ ಕಾನೂನು ಕೊಟ್ಟ ಅವಕಾಶ ಆ ದಾರಿಯಲ್ಲಿ ಅವರ ಕೈಗೆ ಸಿಗದ ಹಾಗೆ ಮಾಡಿದ್ದು ತಪ್ಪು. ಇಷ್ಟೇ ನನ್ನ ಮಾತು.

ಕೋರ್ಟು ಕಟ್ಟೆ:
ನಾನು ನ್ಯೂಯಾರ್ಕ್‌ನಲ್ಲಿ ಕ್ರಿಮಿನಲ್ ವಕೀಲಿಕೆ ಮಾಡುತ್ತೇನೆ. ಸೇವಂತಿಗೆ ಅವರ ಪ್ರಶ್ನೆಗೆ ನೇರವಾಗಿ ಬರುತ್ತೇನೆ, ಯಾಕಂದ್ರೆ ತಪ್ಪಿದರೆ ಬೀಳುವ ಪೆಟ್ಟು ಸಣ್ಣದಲ್ಲ. ನ್ಯೂಯಾರ್ಕ್‌ನಲ್ಲಿ ಲೈಸೆನ್ಸ್ ಇಲ್ಲದೆ ಮನೆ, ಅಂಗಡಿಯ ಹೊರಗೆ ಗುಂಡು ತುಂಬಿದ ಪಿಸ್ತೂಲು ಇಟ್ಟುಕೊಂಡು ಸಿಕ್ಕಿಬಿದ್ದರೆ ಎರಡನೇ ಡಿಗ್ರಿಯ, ಅಂದರೆ ಗಂಭೀರ ಅಪರಾಧದ ಕೇಸು. ಕಾನೂನಿನಲ್ಲಿರುವ ಶಿಕ್ಷೆ ಮೂರೂವರೆ ವರ್ಷದಿಂದ 15 ವರ್ಷ.

ಮೊದಲು ನ್ಯೂಜೆರ್ಸಿ. ಅಲ್ಲಿನ ಕ್ರಿಮಿನಲ್ ಕಾನೂನಿನ 2ಸಿ:39-6 ಸೆಕ್ಷನ್ ಪ್ರಕಾರ ಜೈಲಿನ ಕರೆಕ್ಷನ್ಸ್ ಆಫೀಸರ್‌ಗೆ ರಾಜ್ಯದೊಳಗೆ ಎಲ್ಲ ಹೊತ್ತಿನಲ್ಲೂ ವಿನಾಯಿತಿ ಇದೆ. ಷರತ್ತು ಒಂದು, ವರ್ಷವರ್ಷವೂ ಗುರಿ ಪರೀಕ್ಷೆ ಪಾಸಾಗಿರಬೇಕು. ಹಾಗಾಗಿ ಹಾಲು ತರಲು ಹೋಗುವಾಗ ನಿಮ್ಮ ಯಜಮಾನರು ಮಾಡುತ್ತಿರುವುದು ಸರಿ. ಆದರೆ ಆ ಸಾಲಿನಲ್ಲೇ "ನ್ಯೂಜೆರ್ಸಿ ರಾಜ್ಯದೊಳಗೆ" ಅಂತ ಇದೆ. ಗಡಿ ದಾಟಿದ ಕ್ಷಣ ಆ ವಿನಾಯಿತಿ ಮುಗಿಯಿತು.

ನ್ಯೂಯಾರ್ಕ್‌ಗೂ ತನ್ನದೇ ವಿನಾಯಿತಿ ಇದೆ, ಕ್ರಿಮಿನಲ್ ಪ್ರೊಸೀಜರ್ ಲಾ 2.10ರಲ್ಲಿ ಕರೆಕ್ಷನ್ ಆಫೀಸರ್‌ಗಳನ್ನು ಪೀಸ್ ಆಫೀಸರ್ ಅಂತ ಸೇರಿಸಿದ್ದಾರೆ. ಅದು ಇಲ್ಲಿನವರಿಗೆ. ನಿಮ್ಮವರಿಗೆ ಉಳಿಯುವುದು ಲಿಯೋಸಾ ಒಂದೇ.

ಲಿಯೋಸಾ ಪ್ರಕಾರ ಮೊದಲು ಬಂಧಿಸುವ ಅಧಿಕಾರ ಇರಬೇಕು. ನ್ಯೂಜೆರ್ಸಿಯ ಟೈಟಲ್ 2ಎ, 154ನೇ ಅಧ್ಯಾಯದಲ್ಲಿ ಅದನ್ನು ನೋಡಬೇಕು, ಅವರ ಹುದ್ದೆಯ ಹೆಸರು ಅಲ್ಲಿ ಹೇಗಿದೆಯೋ ಹಾಗೇ ನೇಮಕಾತಿ ಪತ್ರದಲ್ಲೂ ಇದೆಯಾ ಅಂತ ಪಕ್ಕಪಕ್ಕ ಇಟ್ಟು ಓದಿ. ಬಂದೂಕು ಇಟ್ಟುಕೊಳ್ಳಲು ಇಲಾಖೆ ಅನುಮತಿ ಕೊಟ್ಟಿರಬೇಕು. ಒಳಗಿನ ಡ್ಯೂಟಿ ಮಾತ್ರ ಮಾಡುವವರಿಗೆ ಕೆಲವು ಕಡೆ ಆ ಅನುಮತಿಯೇ ಇರುವುದಿಲ್ಲ. ಅಧಿಕಾರ ಕಿತ್ತುಕೊಳ್ಳುವಂಥ ಶಿಸ್ತುಕ್ರಮ ನಡೆಯುತ್ತಿರಬಾರದು. ಕುಡಿದಿರಬಾರದು, ಒಂದು ಲೋಟವಾದರೂ ಯಾಕೆ ಬೇಕು, ಬಿಟ್ಟುಬಿಡಿ. ಕೊನೆಯದು ಎಲ್ಲರೂ ಎಡವುವ ಜಾಗ. ಇಲಾಖೆ ಕೊಟ್ಟ ಫೋಟೋ ಇರುವ ಕಾರ್ಡು ಜೇಬಿನಲ್ಲಿರಬೇಕು, ಆ ಕಾರ್ಡು ಅವರನ್ನು ಪೊಲೀಸ್ ಆಫೀಸರ್ ಅಥವಾ ಲಾ ಎನ್‌ಫೋರ್ಸ್‌ಮೆಂಟ್ ಆಫೀಸರ್ ಅಂತ ಹೇಳಬೇಕು. ಬ್ಯಾಡ್ಜ್ ಇದರ ಬದಲಿಗೆ ನಡೆಯುವುದಿಲ್ಲ. ನೌಕರ ಅಂತ ಬರೆದ ಕಾರ್ಡೂ ಇದಲ್ಲ.

ಇಷ್ಟೆಲ್ಲ ಸರಿ ಇದ್ದರೂ ರಸ್ತೆಯಲ್ಲಿ ತಡೆದ ಪೊಲೀಸರಿಗೆ ಇದು ಗೊತ್ತಿರುತ್ತದೆ ಅಂತ ಹೇಳಲಾಗದು. ಪೆನ್ಸಿಲ್ವೇನಿಯಾದ ಒಬ್ಬ ಕಾನ್‌ಸ್ಟೇಬಲ್‌ನನ್ನು ನ್ಯೂಯಾರ್ಕ್ ನಗರದಲ್ಲಿ ಹಿಡಿದು ಕೇಸು ಹಾಕಿದ್ದರು. 2006ರಲ್ಲಿ ಕೋರ್ಟು ಲಿಯೋಸಾ ಅವನಿಗೆ ಅನ್ವಯಿಸುತ್ತದೆ ಅಂತ ಕೇಸು ವಜಾ ಮಾಡಿತು. ಗೆದ್ದ, ನಿಜ. ಆದರೆ ಮೊದಲು ಕೈಗೆ ಕೋಳ ಬಿತ್ತು. ಇದನ್ನು ನನ್ನ ಕಕ್ಷಿಗಾರರಿಗೆ ನಾನು ಮರೆಯದೆ ಹೇಳುತ್ತೇನೆ.

ಕಿತ್ತಳೆ ತೋಟ:
ವಕೀಲರೇ, ಮ್ಯಾಗಜಿನ್ ವಿಷಯ? ನ್ಯೂಯಾರ್ಕ್‌ನಲ್ಲಿ 10 ಗುಂಡಿಗಿಂತ ಜಾಸ್ತಿ ಹಿಡಿಯುವುದು ಇಲ್ಲ ಅಲ್ವಾ?

ಕೋರ್ಟು ಕಟ್ಟೆ:
ಹೌದು. ಲಿಯೋಸಾಗೆ 2010ರಲ್ಲಿ ಮಾಡಿದ ತಿದ್ದುಪಡಿಯಲ್ಲಿ ಗುಂಡುಗಳನ್ನು ಸೇರಿಸಿದರು, ಮ್ಯಾಗಜಿನ್ ಅನ್ನುವ ಪದ ಹಾಕಲಿಲ್ಲ. ಇದನ್ನು ಹಿಡಿದು ಎರಡೂ ಕಡೆ ವಾದ ಮಾಡಬಹುದು. ಆ ವಾದ ನಿಮ್ಮ ಹೆಸರಿನಲ್ಲಿ ನಡೆಯುವುದು ಬೇಡ. 10ರ ಮ್ಯಾಗಜಿನ್ ಹಾಕಿಕೊಂಡು ಬನ್ನಿ.

ಇನ್ನೂ ಕೆಲವು ಜಾಗ. ಖಾಸಗಿ ಜಾಗದ ಮಾಲೀಕರು ಬೇಡ ಅಂದರೆ ಬೇಡ, ಲಿಯೋಸಾ ಅದನ್ನು ಮೀರುವುದಿಲ್ಲ. ರಾಜ್ಯ ಸರ್ಕಾರದ ಕಟ್ಟಡ, ಪಾರ್ಕು ಕೂಡ ಹಾಗೇ. ಪೋಸ್ಟ್ ಆಫೀಸಿಗೆ ಸ್ಟಾಂಪು ತರಲು ಹೋಗುವಾಗಲೂ ಜ್ಞಾಪಕ ಇರಲಿ, ಅಲ್ಲಿ ಫೆಡರಲ್ ನಿಯಮ. ವಿಮಾನಕ್ಕೂ ಲಿಯೋಸಾಕ್ಕೂ ಸಂಬಂಧ ಇಲ್ಲ.

ಮುಖ್ಯವಾಗಿ ಶಾಲೆ. ಫೆಡರಲ್ ಕಾನೂನಿನಲ್ಲಿ ಶಾಲೆಯಿಂದ 1000 ಅಡಿ ತನಕ ಬಂದೂಕಿಗೆ ನಿರ್ಬಂಧ ಇದೆ. ಅಧಿಕಾರಿಗೆ ವಿನಾಯಿತಿ ಇದೆ, ಆದರೆ ಡ್ಯೂಟಿ ಮೇಲಿದ್ದಾಗ. ಆ ಶಾಲೆ ಇರುವ ರಾಜ್ಯವೇ ಕೊಟ್ಟ ಲೈಸೆನ್ಸ್ ಇದ್ದರೂ ಸರಿ. ಲಿಯೋಸಾ ಕಾರ್ಡು ಲೈಸೆನ್ಸ್ ಅಲ್ಲ. ಅಪ್ಪನಾಗಿ ಮಗಳನ್ನು ಶಾಲೆಗೆ ಬಿಡಲು ಹೋದಾಗ ಅವರು ಡ್ಯೂಟಿಯಲ್ಲಿಲ್ಲ. ಗುಂಡು ತೆಗೆದು ಬೀಗದ ಡಬ್ಬಿಯಲ್ಲಿಟ್ಟು ಹೋದರೆ ಆ ಕಾನೂನಿನ ತೊಂದರೆ ಇಲ್ಲ.

ಸೇವಂತಿಗೆ:
ಇದು ಓದಿ ಕೈಕಾಲು ತಣ್ಣಗಾಯಿತು. ದಿನಾ ಬೆಳಿಗ್ಗೆ ಮಗಳನ್ನು ಬಿಡುವುದು ಇವರೇ.

ಪುದೀನ:
ನಾನು ಸುಮಾರು ದಿನದಿಂದ ಸುಮ್ನೆ ಓದುತ್ತಿದ್ದೆ. ಒಂದು ವಿಷಯ ಯಾರೂ ಎತ್ತಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಾನು ಜೈಲಿನಲ್ಲಿ ನರ್ಸ್ ಆಗಿದ್ದೆ.

ಹೊರಗಿನವರ ಭಯ ಮಾತ್ರ ಮಾತಾಡುತ್ತೇವೆ. ಮನೆಯೊಳಗಿನದ್ದು? 1997ರಲ್ಲಿ ಪ್ರಕಟವಾದ ಒಂದು ಅಧ್ಯಯನ, ದುಡಿಯುವ ವಯಸ್ಸಿನ ಬೇರೆಯವರಿಗೆ ಹೋಲಿಸಿದರೆ ಕರೆಕ್ಷನ್ ಆಫೀಸರ್‌ಗಳಲ್ಲಿ ಆತ್ಮಹತ್ಯೆಯ ಅಪಾಯ 39% ಜಾಸ್ತಿ ಅಂತ ಹೇಳಿತು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರು, ಎರಡು ಶಿಫ್ಟ್ ಒಟ್ಟಿಗೆ ಮಾಡಿ, ಹೋಗುತ್ತೇನೆ ಸಿಸ್ಟರ್ ಅಂತ ಕೈ ಬೀಸಿ ಹೋದವರು ಮರುದಿನ ಬರಲಿಲ್ಲ. ಅವರ ಮೇಲೆ ಯಾವ ಕೈದಿಯೂ ಕೈ ಮಾಡಲಿಲ್ಲ. ಅವರ ಪಿಸ್ತೂಲು ಅವರದೇ ಆಗಿತ್ತು.

ವಿನಾಯಿತಿ ಬೇಡ ಅಂತ ಹೇಳುತ್ತಿಲ್ಲ. ವಿನಾಯಿತಿ ಕೊಡುವಾಗ ಗುರಿ ಸರಿ ಇದೆಯಾ ಅಂತ ಮೂರು ತಿಂಗಳಿಗೊಮ್ಮೆ ನೋಡುತ್ತಾರೆ, ಮನಸ್ಸು ಸರಿ ಇದೆಯಾ ಅಂತ ಯಾರು ನೋಡುತ್ತಾರೆ? ಹೇಳಿಕೊಂಡರೆ ಬಂದೂಕು ಹೋಗುತ್ತದೆ, ಬಂದೂಕು ಹೋದರೆ ಪೋಸ್ಟಿಂಗ್ ಹೋಗುತ್ತದೆ, ಓವರ್‌ಟೈಮ್ ಹೋಗುತ್ತದೆ ಅಂತ ಎಲ್ಲರೂ ಬಾಯಿ ಮುಚ್ಚಿಕೊಂಡಿರುತ್ತಾರೆ. ಅಕ್ಕ, ನಿಮ್ಮ ಯಜಮಾನರು ಆ ಪೆಟ್ರೋಲ್ ಬಂಕಿನ ವಿಷಯ ನಿಮ್ಮನ್ನು ಬಿಟ್ಟು ಬೇರೆ ಯಾರ ಹತ್ತಿರವಾದರೂ ಮಾತಾಡಿದ್ದಾರಾ?

ಬಿಳಿ ಹಾಳೆ:
ಪುದೀನ ಅವರೇ, ಧನ್ಯವಾದ. ನನ್ನ ಅಕ್ಕನ ಕಡೆಯಿಂದ ಇನ್ನೊಂದು ಕೇಳಬೇಕಿತ್ತು. ಮನೆಯಲ್ಲಿ ಹೊಡೆಯುವವನೇ ಜೈಲು ಆಫೀಸರ್ ಆಗಿದ್ದರೆ? ಆಗಲೂ ಈ ವಿನಾಯಿತಿ ಅವನ ಬೆನ್ನಿಗೆ ಇರುತ್ತದಾ?

ಕೋರ್ಟು ಕಟ್ಟೆ:
ಇಲ್ಲ. ಇದು ಒಂದು ಕಡೆ ಕಾನೂನು ಗಟ್ಟಿಯಾಗಿ ನಿಂತಿದೆ. 1996ರ ಲಾಟನ್‌ಬರ್ಗ್ ತಿದ್ದುಪಡಿ ಪ್ರಕಾರ ಕೌಟುಂಬಿಕ ಹಿಂಸೆಯ ಸಣ್ಣ ಅಪರಾಧದಲ್ಲಿ ಶಿಕ್ಷೆಯಾದರೂ ಬಂದೂಕು, ಗುಂಡು ಮುಟ್ಟುವ ಹಾಗಿಲ್ಲ. ಬೇರೆ ಹಲವು ನಿರ್ಬಂಧಗಳಿಗೆ ಸರ್ಕಾರಿ ಕೆಲಸಕ್ಕಾಗಿ ವಿನಾಯಿತಿ ಇದೆ, ಇದಕ್ಕೆ ಬೇಕೆಂದೇ ಇಟ್ಟಿಲ್ಲ. ಡ್ಯೂಟಿ ಬಂದೂಕೂ ಇಲ್ಲ. ಪೊಲೀಸ್, ಮಿಲಿಟರಿ, ಜೈಲು, ಎಲ್ಲರಿಗೂ ಒಂದೇ. ತೊಂದರೆ ಇರುವುದು ಶಿಕ್ಷೆ ಆಗುವ ತನಕ. ಹೆಂಡತಿ ದೂರು ಕೊಟ್ಟರೆ ಗಂಡನ ಕೆಲಸ ಹೋಗುತ್ತದೆ ಅಂತ ಗೊತ್ತಿರುವುದರಿಂದಲೇ ಎಷ್ಟೋ ದೂರುಗಳು ಕೋರ್ಟಿಗೆ ಬರುವುದಿಲ್ಲ. ನಾನು ಕಣ್ಣಾರೆ ನೋಡಿದ್ದೇನೆ.

ಬಿಳಿ ಹಾಳೆ:
ಅದಾದರೂ ಇದೆಯಲ್ಲ. ಅಕ್ಕನಿಗೆ ಹೇಳುತ್ತೇನೆ.

ರಾಗಿ ಹೊಲ:
ನಮ್ಮ ಮಾವನವರು ರಾಜ್ಯದ ಜೈಲಿನಿಂದ ನಿವೃತ್ತರಾದವರು. ನಿವೃತ್ತರಿಗೆ ಏನು ನಿಯಮ ಅಂತ ಯಾರಾದರೂ ಹೇಳುತ್ತೀರಾ? ಇಲಾಖೆಯವರು ಕಾಗದ ಕೊಡುತ್ತಿಲ್ಲ.

ಹಳೇ ಗೇಟು:
ಒಟ್ಟು 10 ವರ್ಷ ಸೇವೆ ಆಗಿರಬೇಕು, 2010ಕ್ಕೆ ಮೊದಲು ಅದು 15 ಇತ್ತು. ಒಳ್ಳೆಯ ಹೆಸರಿನಲ್ಲೇ ಬಿಟ್ಟಿರಬೇಕು. ಕಳೆದ 12 ತಿಂಗಳೊಳಗೆ ಗುರಿ ಪರೀಕ್ಷೆ ಪಾಸಾಗಿರಬೇಕು, ಆ ಖರ್ಚು ನಮ್ಮದೇ. ಫೋಟೋ ಕಾರ್ಡು ಇಲಾಖೆ ಕೊಡಬೇಕು, ಅಲ್ಲೇ ಬಹಳ ಜನ ನಿಲ್ಲುತ್ತಾರೆ. ನಾನು ಪ್ರತಿ ವರ್ಷ ಸೆಪ್ಟೆಂಬರ್‌ನಲ್ಲಿ ಹೋಗುತ್ತೇನೆ. ಕಣ್ಣು ಮೊದಲಿನ ಹಾಗಿಲ್ಲ, ಮುಂದಿನ ಗುರಿಕಡ್ಡಿ ಮಸುಕು ಕಾಣುತ್ತದೆ. ಪಾಸಾಗದ ವರ್ಷ ಬಂದರೆ ಪಿಸ್ತೂಲು ಮನೆಯಲ್ಲಿಟ್ಟುಬಿಡುತ್ತೇನೆ, ಅದನ್ನು ಮಗನಿಗೂ ಹೇಳಿದ್ದೇನೆ.

ಕೋರ್ಟು ಕಟ್ಟೆ:
ರಾಗಿ ಹೊಲ ಅವರೇ, ನಿಮ್ಮ ಮಾವನವರ ಕಥೆಯಂಥದ್ದೇ ಡುಬೆರಿ ಕೇಸು. ವಾಷಿಂಗ್ಟನ್ ಡಿಸಿಯ ಜೈಲು ಇಲಾಖೆಯಿಂದ ನಿವೃತ್ತರಾದವರು. ನಿಮಗೆ ಬಂಧಿಸುವ ಅಧಿಕಾರ ಇರಲಿಲ್ಲ, ಹಾಗಾಗಿ ಪ್ರಮಾಣಪತ್ರ ಕೊಡುವುದಿಲ್ಲ ಅಂತ ಇಲಾಖೆ ಹೇಳಿತು. 2016ರಲ್ಲಿ ಡಿಸಿ ಸರ್ಕ್ಯೂಟ್ ಕೋರ್ಟು, ಅಂದರೆ ಅಲ್ಲಿನ ಫೆಡರಲ್ ಮೇಲ್ಮನವಿ ಕೋರ್ಟು, ಲಿಯೋಸಾ ಕೊಟ್ಟಿರುವ ಹಕ್ಕಿಗಾಗಿ ಇವರು ಕೋರ್ಟಿಗೆ ಬರಬಹುದು ಅಂತ ಹೇಳಿತು. ಅದೊಂದು ಬಾಗಿಲು ತೆರೆಯಿತು, ಕಾರ್ಡು ತಾನಾಗಿ ಕೈಗೆ ಬರಲಿಲ್ಲ. 2024ರ ಫೆಬ್ರವರಿಯಲ್ಲಿ ಥರ್ಡ್ ಸರ್ಕ್ಯೂಟ್ ಕೋರ್ಟಿನಲ್ಲಿ ನ್ಯೂಜೆರ್ಸಿ ಸೋತಿತು. ಲಿಯೋಸಾ ಅರ್ಹತೆ ಇರುವ ನಿವೃತ್ತರು ರಾಜ್ಯದ ಬೇರೆ ಪರ್ಮಿಟ್ ತೆಗೆದುಕೊಳ್ಳಲೇಬೇಕು ಅನ್ನುವ ಅಲ್ಲಿನ ನಿಯಮ ನಿಲ್ಲಲಿಲ್ಲ. ಮಾವನವರ ಇಲಾಖೆಗೆ ಬರವಣಿಗೆಯಲ್ಲಿ ಕೇಳಿ, ಇಲ್ಲ ಅಂದರೆ ಯಾಕೆ ಇಲ್ಲ ಅಂತಲೂ ಬರವಣಿಗೆಯಲ್ಲೇ ತೆಗೆದುಕೊಳ್ಳಿ. ಫೋನಿನಲ್ಲಿ ಹೇಳಿದ ಇಲ್ಲ ಎಲ್ಲಿಗೂ ತಲುಪುವುದಿಲ್ಲ.

ಕಿತ್ತಳೆ ತೋಟ:
ನನಗೆ ಇದರಲ್ಲಿ ಸಿಟ್ಟು ಬರುವುದು ಇಲ್ಲೇ. ಅಪಾಯ ಎಷ್ಟು ಅಂತ ಕಾನೂನು ಕೇಳುವುದೇ ಇಲ್ಲ. ಕಾರ್ಡಿನ ಮೇಲೆ ಯಾವ ಪದ ಇದೆ, ಸೆಕ್ಷನ್ 830 ಆ ಕಡೆ ಇದೀಯಾ ಈ ಕಡೆ ಇದೀಯಾ ಅಂತ ಕೇಳುತ್ತದೆ. ಒಂದು ರಾಜ್ಯ ಖರ್ಚಿನ ಲೆಕ್ಕ ಹಾಕಿ ಜೈಲಿನವರಿಗೆ ಬಂಧಿಸುವ ಅಧಿಕಾರ ಬೇಡ ಅಂದುಕೊಂಡರೆ, ಅವರು ಮನೆಗೆ ಹೋಗುವ ದಾರಿಯಲ್ಲಿ ಬರಿಗೈ. ಆ ತೀರ್ಮಾನ ಮಾಡುವಾಗ ಈ ದಾರಿಯ ಬಗ್ಗೆ ಯಾರೂ ಯೋಚನೆ ಮಾಡಿರುವುದಿಲ್ಲ. ಯಾರಿಗೆ ವಿನಾಯಿತಿ ಕೊಡಬೇಕು ಅಂತ ಬರೆಯುವವರು ಜೈಲಿನ ಪಾರ್ಕಿಂಗ್ ಜಾಗದಲ್ಲಿ ಒಂದು ರಾತ್ರಿ ಶಿಫ್ಟ್ ಬದಲಾಗುವಾಗ ನಿಂತು ನೋಡಬೇಕು. ಎಲ್ಲರೂ ಕಾರು ಹತ್ತುವ ಮೊದಲು ಹಿಂದಿನ ಸೀಟು ನೋಡುತ್ತಾರೆ. ಹತ್ತಿದ ಮೇಲೆ ಕನ್ನಡಿ ನೋಡುತ್ತಾರೆ. ನಾನಂತೂ ದಿನಾ ಒಂದೇ ದಾರಿಯಲ್ಲಿ ಮನೆಗೆ ಹೋಗುವುದಿಲ್ಲ.

ಹಳೇ ಗೇಟು:
ತಮ್ಮಾ, ನಾನು ನಿವೃತ್ತನಾಗಿ ಇಷ್ಟು ವರ್ಷ ಆದರೂ ಹಾಗೇ.

ಸೇವಂತಿಗೆ:
ಐದು ವಾರದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ನಿಮ್ಮೆಲ್ಲರ ಮಾತು ಇವರಿಗೆ ಕೂರಿಸಿಕೊಂಡು ಓದಿ ಹೇಳಿದೆ. ಮೊದಲು ಸ್ವಲ್ಪ ರೇಗಿದರು. ಆಮೇಲೆ ಪರ್ಸಿನಿಂದ ಕಾರ್ಡು ತೆಗೆದು ಮೇಜಿನ ಮೇಲೆ ಇಟ್ಟರು. ಇಬ್ಬರೂ ಬಗ್ಗಿ ನೋಡಿದೆವು. ಫೋಟೋ, ಹೆಸರು, ಕೌಂಟಿಯ ಮುದ್ರೆ, ಕೆಳಗೆ ನೌಕರ ಸಂಖ್ಯೆ. ಲಾ ಎನ್‌ಫೋರ್ಸ್‌ಮೆಂಟ್ ಅನ್ನುವ ಪದ ಎಲ್ಲೂ ಇಲ್ಲ. ಹಿಂದೆ ತಿರುಗಿಸಿದರೆ, ಸಿಕ್ಕಿದವರು ಈ ವಿಳಾಸಕ್ಕೆ ಕಳಿಸಿ ಅಂತ ಇದೆ. 11 ವರ್ಷ ಇವರು ಇದನ್ನೇ ಜೇಬಿನಲ್ಲಿಟ್ಟುಕೊಂಡು ಓಡಾಡಿದ್ದಾರೆ, ಎರಡು ಸಲ ಇದೇ ಧೈರ್ಯದ ಮೇಲೆ ಪೆನ್ಸಿಲ್ವೇನಿಯಾಕ್ಕೂ ಹೋಗಿದ್ದಾರೆ.

ಹಾಗಾಗಿ ರಾಚೆಸ್ಟರ್‌ಗೆ ಪಿಸ್ತೂಲು ಒಯ್ಯಲಿಲ್ಲ. ಮನೆಯ ತಿಜೋರಿಯಲ್ಲೇ ಇಟ್ಟು ಬೀಗ ಹಾಕಿ ಹೊರಟೆವು. ದಾರಿಯಲ್ಲಿ ಎರಡು ಕಡೆ ಇಳಿದೆವು. ಎರಡೂ ಸಲ ಕಾರಿನಿಂದ ಇಳಿಯುವಾಗ ಇವರ ಬಲಗೈ ತಾನಾಗಿ ಸೊಂಟದ ಹತ್ತಿರ ಹೋಗಿ, ಏನೂ ಇಲ್ಲ ಅಂತ ಗೊತ್ತಾಗಿ ಮಗಳ ಕೈ ಹಿಡಿದುಕೊಂಡಿತು. ತಂಗಿ ಮನೆಯಲ್ಲಿ ಎರಡನೇ ದಿನ ಚೆನ್ನಾಗಿ ನಿದ್ದೆ ಮಾಡಿದರು.

ಶಾಲೆಗೆ ಬಿಡಲು ಹೋಗುವಾಗ ಈಗ ಕಾರಿನಲ್ಲಿ ಸೀಟಿನ ಕೆಳಗೆ ಕೇಬಲ್ ಹಾಕಿ ಬಿಗಿದ ಲಾಕ್ ಬಾಕ್ಸ್ ಇದೆ. ಮನೆ ಬಿಡುವ ಮೊದಲೇ ಗುಂಡು ತೆಗೆದು ಅದರೊಳಗೆ ಇಡುತ್ತಾರೆ. ಪುದೀನ ಅವರೇ, ನೀವು ಕೇಳಿದ್ದನ್ನೂ ಕೇಳಿದೆ. ಯಾರ ಹತ್ತಿರವೂ ಮಾತಾಡಿರಲಿಲ್ಲ. ಯೂನಿಯನ್‌ನ ಹಿರಿಯರೊಬ್ಬರ ಜೊತೆ ಹೋದ ಭಾನುವಾರ ಒಂದು ಗಂಟೆ ಫೋನಿನಲ್ಲಿ ಮಾತಾಡಿದರು, ನಾನು ಬೇಕೆಂದೇ ಅಡುಗೆಮನೆಯಲ್ಲೇ ಇದ್ದೆ.

ಹೊಸ ಕಾರ್ಡಿಗೆ ಅರ್ಜಿ ಹಾಕಿದ್ದಾರೆ. ವಕೀಲರು ಹೇಳಿದ ಪದಗಳನ್ನು ಹಾಗೇ ಬರೆದು ಕೊಟ್ಟರು. ಆಫೀಸಿನವರು ಇಲ್ಲಿ ತನಕ ಯಾರೂ ಇದನ್ನು ಕೇಳಿರಲಿಲ್ಲ ಅಂದರಂತೆ. ಈಗ ಇವರ ಶಿಫ್ಟಿನ ಇನ್ನೂ ನಾಲ್ಕು ಜನ ಕೇಳಿದ್ದಾರೆ. ಫೋಟೋ ತೆಗೆಸಲು ಮಂಗಳವಾರ ಎಲ್ಲರೂ ಒಟ್ಟಿಗೆ ಹೋಗುತ್ತಿದ್ದಾರೆ.